ಸಫೋಕ್ ಹೊಲಗಳಲ್ಲಿ ಬೀಪ್ ಬೀಪ್: ಭಾವನ ಜೊತೆ ಹಳೇ ನಾಣ್ಯ ಹುಡುಕಿದ್ದು

ಶುಕ್ರವಾರ, ಇಪ್ಸ್‌ವಿಚ್

ವೀಸಾ, ಟಿಕೆಟ್, ಹೀಥ್ರೂ ಸಾಲು, ಇವುಗಳ ಕಥೆ ಎಲ್ಲರೂ ಬರೆದಾಗಿದೆ. ನಾನು ನೇರ ಇಪ್ಸ್‌ವಿಚ್‌ಗೆ ಬಂದುಬಿಡುತ್ತೇನೆ. ಇಂಗ್ಲೆಂಡಿನ ಪೂರ್ವದಲ್ಲಿ ಸಫೋಕ್ ಅಂತ ಒಂದು ಕೌಂಟಿ, ಅದರ ದೊಡ್ಡ ಊರು ಇದು. ಅಕ್ಕ, ಭಾವ ಇಲ್ಲೇ ಇದ್ದಾರೆ. ಭಾವನಿಗೆ ಸೋಮವಾರದಿಂದ ಶುಕ್ರವಾರ ಕಂಪ್ಯೂಟರ್ ಕೆಲಸ, ಶನಿವಾರ ಭಾನುವಾರ ಹೊಲ ಸುತ್ತುವ ಕೆಲಸ. ಕೈಯಲ್ಲಿ ಮೆಟಲ್ ಡಿಟೆಕ್ಟರ್, ಸೊಂಟಕ್ಕೆ ಚೀಲ, ಹೆಗಲ ಮೇಲೆ ಗಿಡ್ಡ ಸಲಿಕೆ. ಹಳೇ ನಾಣ್ಯ, ಬಟನ್, ಬಕಲ್ಲು, ಏನಾದರೂ ಸಿಗುತ್ತದಾ ಅಂತ ಗಂಟೆಗಟ್ಟಲೆ ನಡೆಯುತ್ತಾರೆ. ಅಕ್ಕನ ಮಾತಿನಲ್ಲಿ ಹೇಳುವುದಾದರೆ ‘ಮಣ್ಣು ಕೆದಕೋ ಚಟ’.

ನಮ್ಮ ತೀರ್ಥಹಳ್ಳಿ ಕಡೆ ನಿಧಿ ಅಂದರೆ ಬೇರೆಯೇ ಚಿತ್ರ. ಅಮಾವಾಸ್ಯೆ ರಾತ್ರಿ, ನಿಂಬೆಹಣ್ಣು, ಕುಂಕುಮ. ಬೆಳಗಾಗುವಷ್ಟರಲ್ಲಿ ಪಾಳು ಗುಡಿಯ ನಂದಿ ಎರಡು ಹೋಳು. ಅದಕ್ಕೇ ಭಾವ ಫೋನಿನಲ್ಲಿ "ಬಾ ಮಾರಾಯ, ನಿಧಿ ಹುಡುಕುವ" ಅಂದಾಗ ಪಕ್ಕದಲ್ಲಿದ್ದ ಅಮ್ಮ ಗಾಬರಿಯಾಗಿದ್ದರು. "ಪೊಲೀಸ್ನೋರು ಹಿಡ್ಕೊಂಡು ಹೋಗ್ತಾರೆ, ಸುಮ್ನಿರಿ ಇಬ್ರೂ."

ಸಂಜೆ ಮನೆ ಹಿತ್ತಲಲ್ಲೇ ತರಬೇತಿ. ಹುಲ್ಲಿನ ಅಡಿಯಲ್ಲಿ ಭಾವ ಮೊದಲೇ ಒಂದಿಷ್ಟು ಸಾಮಾನು ಹೂತಿಟ್ಟಿದ್ದರು. ಮೊಳೆ, ಕೋಕ್ ಡಬ್ಬಿಯ ಉಂಗುರ, ಹತ್ತು ಪೆನ್ಸ್ ನಾಣ್ಯ, ಅಕ್ಕನ ಹಳೇ ಬೆಳ್ಳಿ ಕಾಲುಂಗುರ. ಕಾಲುಂಗುರ ಅಲ್ಲಿರುವುದು ಅಕ್ಕನಿಗೆ ಗೊತ್ತಿರಲಿಲ್ಲ. ಅದರ ಪಂಚಾಯಿತಿ ಬೇರೆ ನಡೆಯಿತು.

ಮಷೀನಿನ ತುದಿಯಲ್ಲಿ 11 ಇಂಚು ಅಗಲದ ಕಾಯಿಲ್ ಇದೆ. ಅದರೊಳಗೆ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಕರೆಂಟು. ಅದರ ಕಾಂತಕ್ಷೇತ್ರ ನೆಲದೊಳಗೆ ಇಳಿಯುತ್ತದೆ. ಅಲ್ಲಿ ಲೋಹವಿದ್ದರೆ ಅದರಲ್ಲೂ ಸಣ್ಣದೊಂದು ಕರೆಂಟು ಹುಟ್ಟಿ, ತನ್ನದೇ ಕಾಂತಕ್ಷೇತ್ರವನ್ನು ವಾಪಸ್ ಕಳಿಸುತ್ತದೆ. ಅದು ಎಷ್ಟು ತಡವಾಗಿ, ಎಷ್ಟು ಜೋರಾಗಿ ಬಂತು ಅನ್ನುವುದನ್ನು ನೋಡಿ ಮಷೀನು ಒಂದು ನಂಬರು ತೋರಿಸಿ ಕೂಗುತ್ತದೆ. ಕಬ್ಬಿಣಕ್ಕೆ ಸಣ್ಣ ನಂಬರು, ಗೊಗ್ಗರು ದನಿ. ಬೆಳ್ಳಿಗೆ ದೊಡ್ಡ ನಂಬರು, ಸಣ್ಣಗಿನ ಸ್ಪಷ್ಟ ದನಿ. ತೊಂದರೆ ಇರುವುದು ನಡುವಿನಲ್ಲಿ. ಡಬ್ಬಿಯ ಉಂಗುರಕ್ಕೂ ಚಿನ್ನದ ಉಂಗುರಕ್ಕೂ ಹೆಚ್ಚುಕಡಿಮೆ ಒಂದೇ ನಂಬರು. ಹಾಗಾಗಿ ಕಸ ಅಂತ ಅನುಮಾನ ಬಂದರೂ ಅಗೆಯಲೇಬೇಕು.

"ಎಷ್ಟು ಅಡಿ ಆಳ ನೋಡತ್ತೆ ಭಾವ?"

"ಅಡಿ ಎಲ್ಲಿಂದ ಬಂತು ಮಾರಾಯ! ಸಣ್ಣ ನಾಣ್ಯ ಆದ್ರೆ ಒಂದು ಗೇಣು. ಅಷ್ಟೇ."

ನಮ್ಮೂರ ಕಡೆ ಮೂವತ್ತು ಅಡಿ ಕೆಳಗಿನ ಬಂಗಾರ ತೋರಿಸುವ ಸ್ಕ್ಯಾನರ್ ಅಂತಲೂ, ಇರಿಡಿಯಂ ಚೊಂಬು ಅಂತಲೂ ಹೇಳಿ ಲಕ್ಷಗಟ್ಟಲೆ ಪೀಕುವವರಿದ್ದಾರಲ್ಲ, ಅವರ ಗಿರಾಕಿಗಳನ್ನೆಲ್ಲ ಒಮ್ಮೆ ಈ ಹಿತ್ತಲಿಗೆ ಕರೆತರಬೇಕು. ಒಳ್ಳೇ ಕಂಪನಿಯ ಮಷೀನೇ ಒಂದು ಗೇಣಿಗೆ ಸುಸ್ತು.

ಊಟದ ಹೊತ್ತಿಗೆ ಕಾನೂನು ಪಾಠ. ಹೊಲದ ಮಾಲೀಕರ ಒಪ್ಪಿಗೆ ಬೇಕೇ ಬೇಕು. ಗೇಣಿ ಮಾಡುವವರು ಬೇರೆ ಇದ್ದರೆ ಅವರದ್ದೂ ಬೇಕು. ಬಾಯಿಮಾತಿಗಿಂತ ಬರಹದಲ್ಲಿದ್ದರೆ ಒಳ್ಳೇದು. ಸಿಕ್ಕಿದ್ದರಲ್ಲಿ ಯಾರಿಗೆ ಎಷ್ಟು ಪಾಲು ಅನ್ನುವುದು ಅಗೆಯುವ ಮುಂಚೆಯೇ ತೀರ್ಮಾನ ಆಗಿರಬೇಕು. ರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಮಷೀನು ಹಿಡಿದರೆ 1979ರ ಕಾಯ್ದೆಯಂತೆ ಅಪರಾಧ. ಭಾವ ನ್ಯಾಷನಲ್ ಕೌನ್ಸಿಲ್ ಫಾರ್ ಮೆಟಲ್ ಡಿಟೆಕ್ಟಿಂಗ್‌ನ ಸದಸ್ಯರು. ಅದರ ಜೊತೆ ವಿಮೆಯೂ ಬರುತ್ತದೆ. ನಾವು ತೋಡಿದ ಗುಂಡಿಯಲ್ಲಿ ಹಸು ಕಾಲು ಮುರಿದುಕೊಂಡರೆ ಯಾರು ಕೊಡುತ್ತಾರೆ ಅಂತ ರೈತರು ಮೊದಲು ಕೇಳುವುದೇ ಇದನ್ನು.

ಶನಿವಾರ, ಡೆಬನಮ್ ಹತ್ತಿರದ ಗೋಧಿ ಹೊಲ

ಸೆಪ್ಟೆಂಬರ್. ಗೋಧಿ ಕೊಯ್ದು ಕೂಳೆ ಮಾತ್ರ ಉಳಿದಿದೆ. ಡಿಟೆಕ್ಟರ್‌ನವರಿಗೆ ಇದು ಸುಗ್ಗಿ. ಮುಂದಿನ ಬಿತ್ತನೆ ಆಗಿಬಿಟ್ಟರೆ ಹೊಲಕ್ಕೆ ಕಾಲಿಡುವಂತಿಲ್ಲ.

ಇಪ್ಸ್‌ವಿಚ್ ದಾಟಿದ ಮೇಲೆ ರಸ್ತೆ ಸಣ್ಣದಾಗುತ್ತಾ ಹೋಗಿ ಕೊನೆಗೆ ಒಂದೇ ಕಾರು ಹಿಡಿಸುವಷ್ಟಾಯಿತು. ಎರಡೂ ಕಡೆ ಎತ್ತರದ ಬೇಲಿ. ಎದುರು ಟ್ರ್ಯಾಕ್ಟರ್ ಬಂದರೆ ಯಾರಾದರೂ ಒಬ್ಬರು ಹಿಂದೆ ಹೋಗಬೇಕು. ಭಾವನೇ ಪ್ರತಿಸಲ ಹಿಂದೆ ಹೋದರು. "ರೈತರನ್ನ ಎದುರು ಹಾಕ್ಕೊಂಡು ಇಲ್ಲಿ ಬಾಳಕ್ಕಾಗಲ್ಲ." ದಾರಿ ಬದಿಯಲ್ಲಿ ಗುಲಾಬಿ ಬಣ್ಣ ಬಳಿದ ಹುಲ್ಲು ಮಾಡಿನ ಮನೆಗಳು, ಕಪ್ಪು ಬಿಳಿ ಚಕ್ಕೆಗಲ್ಲಿನ ಚರ್ಚುಗಳು. ಒಂದು ಗೇಟಿನ ಮುಂದೆ ಮೇಜಿನ ಮೇಲೆ ಮೊಟ್ಟೆ, ಪ್ಲಮ್ ಹಣ್ಣು, ಪಕ್ಕದಲ್ಲಿ ದುಡ್ಡು ಹಾಕುವ ಡಬ್ಬಿ. ಕಾಯುವವರು ಯಾರೂ ಇಲ್ಲ. ಎರಡು ಪೌಂಡ್ ಹಾಕಿ ಒಂದು ಚೀಲ ಪ್ಲಮ್ ತಗೊಂಡೆವು. ಅಷ್ಟು ರಸದ ಹಣ್ಣು ಅಂಗಡಿಯಲ್ಲಿ ಸಿಗಲಿಲ್ಲ.

ಹೊಲದ ಯಜಮಾನನಿಗೆ ಎಪ್ಪತ್ತು ದಾಟಿರಬೇಕು. ನಾಯಿ ಮುಂದೆ, ಅವರು ಹಿಂದೆ. ಭಾರತ ಅಂದ ಕೂಡಲೇ ಕೇಳಿದ್ದು, "ನಿಮ್ಮಲ್ಲಿ ಮಳೆ ಹೇಗೆ?" ಸಫೋಕ್‌ನಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಇಂಗ್ಲೆಂಡ್ ಅಂದರೆ ಸದಾ ಮಳೆ ಅಂದುಕೊಂಡಿದ್ದ ನನಗೆ ಅದೇ ಆಶ್ಚರ್ಯ. ನಮ್ಮ ಪಕ್ಕದ ಆಗುಂಬೆಯಲ್ಲಿ 7,000ಕ್ಕೂ ಜಾಸ್ತಿ ಅಂದೆ. ಅವರು ಭಾವನ ಮುಖ ನೋಡಿದರು. "ಅಡಿಕೆಗೆ ಔಷಧಿ ಹೊಡೆಯೋದು ಮಳೆಯಲ್ಲೇ" ಅಂತ ಸೇರಿಸಿದೆ. ಅದು ಅವರಿಗೆ ಅರ್ಥವಾಗಲಿಲ್ಲ, ಆದರೆ ಕಷ್ಟ ಅನ್ನುವುದು ಅರ್ಥವಾಯಿತು.

ಅವರ ಷರತ್ತು ಕೇಳಿ. ಗೇಟು ಹಾಕಬೇಕು. ಗುಂಡಿ ಮುಚ್ಚಬೇಕು. ಸಿಕ್ಕಿದ್ದೆಲ್ಲ ತೋರಿಸಬೇಕು. "ಮತ್ತೆ ಟ್ರೈಲರ್ ಸಿಕ್ಕಿಸುವ ಪಿನ್ ಒಂದು ಕಳೆದುಹೋಗಿದೆ, ಈ ಹೊಲದಲ್ಲೇ. ಅದು ಸಿಕ್ಕರೆ ನಿಮ್ಮ ನಾಣ್ಯಗಳಿಗಿಂತ ನನಗೆ ಅದೇ ಮೇಲು."

ಭಾವ ಜೋರಾಗಿ ನಕ್ಕರು. ಯಾಕೆ ನಕ್ಕರು ಅಂತ ಮರುದಿನ ತಿಳಿಯಿತು.

ನನಗೆ ಭಾವ ತಮ್ಮ ಹಳೇ ರಬ್ಬರ್ ಬೂಟು ಕೊಟ್ಟಿದ್ದರು. ಹೆಜ್ಜೆ ಇಟ್ಟಲ್ಲೆಲ್ಲ ಬೀಪ್. ಹತ್ತು ನಿಮಿಷ ನಾಲ್ಕು ಕಡೆ ಅಗೆದೆ, ಬರೀ ಮಣ್ಣು. ಕೊನೆಗೆ ನೋಡಿದರೆ ಬೂಟಿನ ಮುಂದೆ ಉಕ್ಕಿನ ತಗಡು. ಮಷೀನು ನನ್ನ ಕಾಲ್ಬೆರಳನ್ನೇ ಪತ್ತೆ ಹಚ್ಚುತ್ತಿತ್ತು. ಇದಕ್ಕೆ ಹೋಗುವವರು ಉಕ್ಕಿಲ್ಲದ ಬೂಟು ಹಾಕಿ, ಟೆಟನಸ್ ಚುಚ್ಚುಮದ್ದು ಹಾಕಿಸಿಕೊಂಡಿರಿ, ಮಂಡಿಗೆ ಪ್ಯಾಡ್ ಇರಲಿ. ದಿನಕ್ಕೆ ಎಷ್ಟು ಸಲ ಕೂತೇಳಬೇಕು ಅನ್ನುವುದು ಮರುದಿನ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಗೊತ್ತಾಗುತ್ತದೆ.

ಬೂಟು ಬದಲಿಸಿದ ಮೇಲೆ ಮೊದಲು ಸಿಕ್ಕಿದ್ದು ಕೋವಿ ತೋಟೆಯ ಹಿತ್ತಾಳೆ ತಳ. ಆಮೇಲೆ ಯಂತ್ರಕ್ಕೆ ಸಿಕ್ಕಿ ಚೂರುಚೂರಾದ ಬಿಯರ್ ಡಬ್ಬಿ. ಆಮೇಲೆ ಮತ್ತೊಂದು ತೋಟೆ ತಳ. ಅಂಚಿನಲ್ಲಿ ಗುಂಡಗಿನ ಸೀಸದ ಗುಂಡು, ಮೈಯೆಲ್ಲ ಬಿಳಿ ಪುಡಿ ಹಿಡಿದದ್ದು. ಹಳೇ ಮಸ್ಕೆಟ್ ಬಂದೂಕಿನದು. ಇನ್ನೊಂದು ಉದ್ದನೆಯ ಹಿತ್ತಾಳೆ ಕೇಸು. ಇದು ಎರಡನೇ ಮಹಾಯುದ್ಧದ್ದು ಅಂದರು ಭಾವ. ಆಗ ಈ ಸುತ್ತಮುತ್ತ ಅಮೆರಿಕದ ಬಾಂಬರ್ ವಿಮಾನಗಳ ನೆಲೆಗಳು ತುಂಬ ಇದ್ದವು. ಖಾಲಿ ಕೇಸಾದರೆ ಪರವಾಗಿಲ್ಲ. ತುಂಬಿದ್ದು, ಅಥವಾ ಶೆಲ್ ಥರದ್ದು ಏನೇ ಕಂಡರೂ ಮುಟ್ಟದೆ ಪೊಲೀಸರಿಗೆ ಫೋನ್ ಮಾಡಬೇಕು. ಹೇಳುತ್ತಿದ್ದ ಹಾಗೆ ತಲೆ ಮೇಲೆ ಎರಡು ಜೆಟ್ ಹಾದುಹೋದವು. ಲೇಕನ್‌ಹೀತ್‌ನಲ್ಲಿ ಈಗಲೂ ಅಮೆರಿಕದ ವಿಮಾನದಳ ಇದೆ. ಹೆಡ್‌ಫೋನ್ ಹಾಕಿದ್ದರೂ ಎದೆ ನಡುಗಿತು.

ಮಧ್ಯಾಹ್ನ ಬೇಲಿ ನೆರಳಲ್ಲಿ ಅಕ್ಕ ಕಟ್ಟಿಕೊಟ್ಟ ಚಪಾತಿ, ಬಟಾಟೆ ಪಲ್ಯ, ಫ್ಲಾಸ್ಕಿನಲ್ಲಿ ಕಾಫಿ. ಚಪಾತಿ ಸುತ್ತಿದ್ದ ಫಾಯಿಲನ್ನು ಭಾವ ನಾಲ್ಕಾಗಿ ಮಡಚಿ ಜೇಬಿಗೆ ಹಾಕಿದರು. ಒಂದು ಚೂರು ಬಿದ್ದರೂ ಮುಂದಿನ ಸಲ ಅದನ್ನೇ ಅಗೆಯಬೇಕಲ್ವಾ. ಎದ್ದು ಬರುವಾಗ ತುರಿಕೆ ಗಿಡಕ್ಕೆ ಕೈ ತಾಗಿತು. ಊರಲ್ಲಿ ಬಿಟ್ಟು ಬಂದೆ ಅಂದುಕೊಂಡಿದ್ದೆ, ಇಲ್ಲೂ ಅದರ ನೆಂಟರಿದ್ದಾರೆ. ರೈತರು ಅಲ್ಲೇ ಪಕ್ಕದಿಂದ ‘ಡಾಕ್’ ಅನ್ನುವ ಅಗಲ ಎಲೆ ಕಿತ್ತು ತಿಕ್ಕಲು ಕೊಟ್ಟರು. ಉರಿ ಕಮ್ಮಿಯಾಯಿತೋ, ತಿಕ್ಕುವ ಗಲಾಟೆಯಲ್ಲಿ ಮರೆತೆನೋ ಹೇಳಲಾರೆ.

ಮೂರು ಗಂಟೆ ಸುಮಾರಿಗೆ ಹೊಲದ ದಕ್ಷಿಣ ಮೂಲೆಯಲ್ಲಿ ಸಣ್ಣಗೆ ದನಿ ಬಂತು. ಒಂದು ದಿಕ್ಕಿನಿಂದ ಕೇಳಿಸುತ್ತದೆ, ತಿರುಗಿ ಬಂದರೆ ಇಲ್ಲ. ಭಾವ ಬಂದು ಕಾಯಿಲನ್ನು ನೆಲಕ್ಕೆ ತಾಗಿಸಿ ನಿಧಾನಕ್ಕೆ ಆಡಿಸಿದರು. "ಅಗಿ." ಒಂದು ಹೆಂಟೆ ಎತ್ತಿ ಪಕ್ಕಕ್ಕಿಟ್ಟೆ. ಕೈಯಲ್ಲಿ ಹಿಡಿಯುವ ಪಿನ್‌ಪಾಯಿಂಟರ್ ಹೆಂಟೆಯ ಹತ್ತಿರ ಹೋದರೆ ನಡುಗುತ್ತದೆ, ಗುಂಡಿಯ ಹತ್ತಿರ ಸುಮ್ಮನಿರುತ್ತದೆ. ಹೆಂಟೆ ಅರ್ಧ ಮಾಡಿದೆ. ಮತ್ತೆ ಅರ್ಧ. ಕೊನೆಗೆ ಅಂಗೈ ಮೇಲೆ ಉಳಿದದ್ದು ಬೆರಳಿನ ಉಗುರಿಗಿಂತ ಚಿಕ್ಕ ಬೂದು ಚೂರು. ಮೂರು ಮೂಲೆ. ಒಂದು ಬದಿ ದುಂಡು, ಎರಡು ಬದಿ ನೇರ.

ಮುರಿದದ್ದು ಅಂತ ನಾನು ಬಿಸಾಡಲು ಹೋದೆ. "ಮುರಿದದ್ದಲ್ಲ, ಕತ್ತರಿಸಿದ್ದು!" ಅಂತ ಭಾವ ಕೈ ಹಿಡಿದರು. ನೀರಲ್ಲಿ ಅದ್ದಿದರೆ ಸಾಕು, ತಿಕ್ಕಬಾರದು. ಅದ್ದಿ ಬಿಸಿಲಿಗೆ ಹಿಡಿದಾಗ ಒಂದು ಬದಿಯಲ್ಲಿ ಮೂರು ಸಣ್ಣ ಮಣಿ, ಅದರ ಹೊರಗೆ ಅಂಚಿನುದ್ದಕ್ಕೆ ಅಕ್ಷರ ಕಂಡವು. ಒ, ಎನ್, ಎಲ್.

ಮೂರನೇ ಹೆನ್ರಿ ರಾಜನ ಬೆಳ್ಳಿ ಪೆನ್ನಿಯ ಕಾಲು ಭಾಗ ಅದು. ಆಗ ದಿನಬಳಕೆಗೆ ಇದ್ದದ್ದು ಪೆನ್ನಿ ಒಂದೇ. ಕೂಲಿಯವನ ದಿನದ ಸಂಬಳ ಒಂದೆರಡು ಪೆನ್ನಿ. ಅಷ್ಟು ದೊಡ್ಡ ದುಡ್ಡು ಕೊಟ್ಟು ಒಂದು ರೊಟ್ಟಿ ಕೊಳ್ಳುವುದು ಹೇಗೆ? ಅದಕ್ಕೆ ನಾಣ್ಯದ ಹಿಂದಿನ ಶಿಲುಬೆಯ ಗೆರೆ ಹಿಡಿದು ಎರಡಾಗಿ, ನಾಲ್ಕಾಗಿ ಕತ್ತರಿಸಿಬಿಡುತ್ತಿದ್ದರು. ಚಿಲ್ಲರೆ ರೆಡಿ. 1247ರಲ್ಲಿ ಆ ಶಿಲುಬೆಯನ್ನು ನಾಣ್ಯದ ಅಂಚಿನವರೆಗೂ ಉದ್ದ ಮಾಡಿದರು, ಅಂಚಿನ ಬೆಳ್ಳಿ ಕದ್ದು ಕತ್ತರಿಸಿದರೆ ಗೊತ್ತಾಗಲಿ ಅಂತ. 1279ರ ಹೊತ್ತಿಗೆ ಒಂದನೇ ಎಡ್ವರ್ಡ್ ದುಂಡನೆಯ ಕಾಲು ಪೆನ್ನಿಯನ್ನೇ ಟಂಕಿಸತೊಡಗಿದ. ಆಮೇಲೆ ಕತ್ತರಿಸುವ ಕೆಲಸ ನಿಂತಿತು. ನನ್ನ ಚೂರಿನಲ್ಲಿ ಶಿಲುಬೆಯ ಗೆರೆ ಅಂಚಿನವರೆಗೂ ಬಂದಿದೆ. ಅಂದರೆ ಅದು ಆ ಮೂವತ್ತು ಮೂವತ್ತೈದು ವರ್ಷದೊಳಗೆ ಹುಟ್ಟಿದ ನಾಣ್ಯ. ನಮ್ಮಲ್ಲಿ ಹೊಯ್ಸಳರು ಆಳುತ್ತಿದ್ದ ಕಾಲ.

ತೂಕ ಅರ್ಧ ಗ್ರಾಮೂ ಇಲ್ಲ. ಇದನ್ನು ಕಳೆದುಕೊಂಡವನು ಆ ದಿನ ಮನೆಯಲ್ಲಿ ಏನು ಹೇಳಿದನೋ ಅಂತ ಯೋಚಿಸಿದೆ. ಫೋನಿನಲ್ಲಿ ಜಾಗದ ಗ್ರಿಡ್ ನಂಬರು ಬರೆದುಕೊಂಡು, ಗುಂಡಿ ಮುಚ್ಚಿ, ಮೇಲೆ ತುಳಿದು ಬಂದೆವು. ರೈತರು ಕನ್ನಡಕ ಹಾಕಿಕೊಂಡು ನೋಡಿದರು. "ಪಿನ್?" ಅಂದರು.

ಭಾನುವಾರ, ಹಾಕ್ಸನ್

ಬೆಳಿಗ್ಗೆಯಿಂದಲೇ ಜಿಟಿಜಿಟಿ ಮಳೆ. ಆಗುಂಬೆಯ ಬಗ್ಗೆ ಜಂಬ ಕೊಚ್ಚಿಕೊಂಡವನು ಹಲ್ಲು ಕಟಕಟಿಸುತ್ತಾ ಕಾರಲ್ಲಿ ಕೂತೆ. ಇದು ತಣ್ಣನೆ ಮಳೆ, ಬೇರೆ ಜಾತಿಯದು. ಅಗೆಯುವಂತಿರಲಿಲ್ಲ. ಅಕ್ಕನೂ ಹೊರಟಳು. ಇಪ್ಸ್‌ವಿಚ್‌ನಿಂದ ನಾರಿಚ್ ಕಡೆಗೆ ಹೋಗುವ ಎ-140 ರಸ್ತೆ ಬಹುಪಾಲು ಹಳೇ ರೋಮನ್ ರಸ್ತೆಯ ಜಾಡಿನಲ್ಲೇ ಇದೆ. ಬೇರೆ ರಸ್ತೆಗಳು ಡೊಂಕುಡೊಂಕಾಗಿ ಸುತ್ತಿದರೆ ಇದು ಎಷ್ಟೋ ಕಡೆ ಹಗ್ಗ ಹಿಡಿದು ಎಳೆದಂತೆ ನೇರ.

ರಸ್ತೆಯಿಂದ ಬಲಕ್ಕೆ ತಿರುಗಿ ಸ್ವಲ್ಪ ದೂರ ಹೋದರೆ ಹಾಕ್ಸನ್. ಹುಲ್ಲುಗಾವಲು, ಹೊಳೆ, ಒಂದು ಪಬ್ಬು, ಚರ್ಚು. ಇಲ್ಲಿ 1992ರ ನವೆಂಬರ್ 16ರಂದು ಪೀಟರ್ ವಾಟ್ಲಿಂಗ್ ಅನ್ನುವ ಗೇಣಿ ರೈತ ತಮ್ಮ ಕಳೆದುಹೋದ ಸುತ್ತಿಗೆ ಹುಡುಕಿಕೊಡು ಅಂತ ಗೆಳೆಯ ಎರಿಕ್ ಲಾಸ್ ಅವರನ್ನು ಕರೆದರು. ಲಾಸ್ ನಿವೃತ್ತ ತೋಟಗಾರ. ನಿವೃತ್ತಿಗೆ ಉಡುಗೊರೆಯಾಗಿ ಬಂದ ಡಿಟೆಕ್ಟರ್ ಅವರ ಹತ್ತಿರ ಇತ್ತು. ಸುತ್ತಿಗೆ ಹುಡುಕುತ್ತಾ ಬೆಳ್ಳಿ ಚಮಚ ಸಿಕ್ಕಿತು, ಚಿನ್ನದ ಸರ ಸಿಕ್ಕಿತು, ನಾಣ್ಯ ಸಿಕ್ಕಿತು, ಮತ್ತೆ ನಾಣ್ಯ. ಭಾವ ನಕ್ಕದ್ದು ಇದಕ್ಕೆ.

ಲಾಸ್ ಅಲ್ಲಿಗೆ ನಿಲ್ಲಿಸಿದರು. ಉಳಿದದ್ದನ್ನು ನೆಲದಲ್ಲೇ ಬಿಟ್ಟು ಸುದ್ದಿ ಮುಟ್ಟಿಸಿದರು. ಜಮೀನು ಕೌಂಟಿ ಕೌನ್ಸಿಲ್‌ನದು. ಮರುದಿನವೇ ಪುರಾತತ್ವದವರು ಬಂದು, ಗುಟ್ಟು ಹೊರಬೀಳುವ ಮುಂಚೆ ಒಂದೇ ದಿನದಲ್ಲಿ ಅಗೆದು ತೆಗೆದರು. ಒಟ್ಟು 14,865 ರೋಮನ್ ನಾಣ್ಯ, ಜೊತೆಗೆ ಸುಮಾರು 200 ಚಿನ್ನ ಬೆಳ್ಳಿ ಸಾಮಾನು. ಎಲ್ಲ ಇದ್ದದ್ದು ಓಕ್ ಮರದ ಒಂದು ಪೆಟ್ಟಿಗೆಯಲ್ಲಿ. ಮರ ಕೊಳೆತು ಹೋಗಿತ್ತು. ಆದರೆ ಸಾಮಾನು ಕದಲದೇ ಇದ್ದದ್ದರಿಂದ ಪೆಟ್ಟಿಗೆಯ ಅಳತೆ, ಒಳಗೆ ಏನನ್ನು ಎಲ್ಲಿ ಇಟ್ಟಿದ್ದರು, ಹುಲ್ಲು ಬಟ್ಟೆ ತುರುಕಿ ಹೇಗೆ ಜೋಡಿಸಿದ್ದರು ಅನ್ನುವುದೆಲ್ಲ ತಿಳಿಯಿತು. ಆ ಮನುಷ್ಯ ರಾತ್ರಿಯೆಲ್ಲ ಅಗೆದು ಗೋಣಿಗೆ ತುಂಬಿದ್ದರೆ ಅದೊಂದೂ ಉಳಿಯುತ್ತಿರಲಿಲ್ಲ. ಪರಿಹಾರವಾಗಿ 17.5 ಲಕ್ಷ ಪೌಂಡ್ ಬಂತು. ಲಾಸ್ ಅದನ್ನು ವಾಟ್ಲಿಂಗ್ ಜೊತೆ ಹಂಚಿಕೊಂಡರು. ಸುತ್ತಿಗೆಯೂ ಸಿಕ್ಕಿತು. ಅದೂ ಈಗ ಬ್ರಿಟಿಷ್ ಮ್ಯೂಸಿಯಂನ ಸಂಗ್ರಹದಲ್ಲಿದೆ.

ನಿಧಿ ಸಿಕ್ಕ ಹೊಲ ನೋಡಲು ಹೋಗುವಂತಿಲ್ಲ, ಖಾಸಗಿ ಜಾಗ. ನೋಡಲು ಏನೂ ಇಲ್ಲ ಕೂಡ. ಪಬ್ಬಿನಲ್ಲಿ ಚಿಪ್ಸ್, ಬೆಣ್ಣೆ ಕರಗುವ ಬಿಸಿ ಬ್ರೆಡ್ಡು, ಕುಂಬಳಕಾಯಿ ಸೂಪು. ನಾನು ಮೇಜಿನ ಮೇಲಿದ್ದ ಮೆಣಸಿನ ಪುಡಿಯನ್ನು ಅರ್ಧ ಬಾಟಲಿ ಸುರಿದುಕೊಂಡೆ. ಪಕ್ಕದ ಮೇಜಿನ ಅಜ್ಜ ನೋಡುತ್ತಲೇ ಇದ್ದರು. ಡಿಟೆಕ್ಟರ್ ವಿಷಯ ಎತ್ತಿದ ಕೂಡಲೇ ಕುರ್ಚಿ ಈ ಕಡೆ ಎಳೆದುಕೊಂಡರು.

ಅವರ ಸಿಟ್ಟೆಲ್ಲ ರಾತ್ರಿ ಬರುವವರ ಮೇಲೆ. ‘ನೈಟ್‌ಹಾಕ್’ ಅನ್ನುತ್ತಾರೆ. ಒಪ್ಪಿಗೆ ಇಲ್ಲದೆ, ಕತ್ತಲಲ್ಲಿ ಬಂದು ಅಗೆದು ಹೊತ್ತೊಯ್ಯುವವರು. ಅಯ್ಯೋ, ಇವರು ನಮ್ಮ ಕಡೆಯವರೇ ಅಂದುಕೊಂಡೆ. ನಿಂಬೆಹಣ್ಣು ಒಂದು ಇಲ್ಲ. ಇದೇ ಸಫೋಕ್‌ನ ರೆಂಡಲ್‌ಶಾಮ್‌ನಲ್ಲಿ ಕಳ್ಳರ ಕಾಟ ತಡೆಯಲಾರದೆ ಜಮೀನಿನವರು ದೂರು ಕೊಟ್ಟರು. ಪುರಾತತ್ವದವರು ಆ ಹೊಲಗಳನ್ನು ಜಾಲಾಡಲು ನಾಲ್ಕು ಜನ ನಂಬಿಕಸ್ಥ ಡಿಟೆಕ್ಟರ್‌ನವರನ್ನೇ ಕರೆದರು. ಅವರು ವರ್ಷಗಟ್ಟಲೆ ಗೆರೆ ಹಿಡಿದು ನಡೆದು, ಸಿಕ್ಕ ಒಂದೊಂದು ಚೂರನ್ನೂ ನಕ್ಷೆ ಮೇಲೆ ಗುರುತು ಹಾಕಿದರು. ಸಾವಿರದ ನಾನೂರು ವರ್ಷದ ಹಿಂದಿನ ರಾಜರ ಬೀಡು ಇಲ್ಲಿತ್ತು ಅನ್ನುವುದಕ್ಕೆ ಪುರಾವೆ ಸಿಕ್ಕಿದ್ದು ಹಾಗೆ.

ಊರ ಹೊಳೆಗೆ ಗೋಲ್ಡ್‌ಬ್ರೂಕ್ ಅನ್ನುವ ಸೇತುವೆ. ಒಂಬತ್ತನೇ ಶತಮಾನದಲ್ಲಿ ದಂಡೆತ್ತಿ ಬಂದ ಡೇನರಿಂದ ತಪ್ಪಿಸಿಕೊಂಡ ಎಡ್ಮಂಡ್ ರಾಜ ಇದರ ಕೆಳಗೆ ಅಡಗಿದ್ದನಂತೆ. ಸೇತುವೆ ದಾಟುತ್ತಿದ್ದ ಹೊಸ ಮದುಮಕ್ಕಳು ನೀರಲ್ಲಿ ಅವನ ಚಿನ್ನದ ಸ್ಪರ್ (ಕುದುರೆ ತಿವಿಯಲು ಹಿಮ್ಮಡಿಗೆ ಕಟ್ಟುವ ಮುಳ್ಳು) ಹೊಳೆದದ್ದು ಕಂಡು ಹಿಡಿದುಕೊಟ್ಟರಂತೆ. ಈ ಸೇತುವೆ ದಾಟುವ ನವದಂಪತಿಗೆ ಅವನ ಶಾಪ ಇದೆ ಅಂತ ಕಥೆ. ಅಕ್ಕ ಛತ್ರಿ ಹಿಡಿದು ಸೀದಾ ದಾಟಿದಳು. "ನಮಗೆಲ್ಲ ಆಗಿ ಹೋಯ್ತು ಬಿಡು. ಇನ್ನೇನು ಶಾಪ."

ಸೋಮವಾರ, ಅಧಿಕಾರಿಯ ಮೇಜು

ಭಾವ ರಜೆ ಹಾಕಿದ್ದರು. ಅಕ್ಕನಿಗೆ ಹೇಳಿದ್ದು ನನ್ನನ್ನು ತಿರುಗಾಡಿಸಲು ಅಂತ. ನಿಜಕ್ಕೂ ಹೋದದ್ದು ಚೂರು ತೋರಿಸಲು.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಅಂತ ಒಂದು ವ್ಯವಸ್ಥೆ 1997ರಿಂದ ನಡೆಯುತ್ತಿದೆ. ಜನ ತಂದುಕೊಟ್ಟ ಹಳೇ ವಸ್ತುಗಳನ್ನು ನೋಡಿ, ತೂಗಿ, ಫೋಟೋ ತೆಗೆದು ದಾಖಲಿಸುವ ಅಧಿಕಾರಿಗಳು ಬೇರೆ ಬೇರೆ ಕೌಂಟಿಗಳಲ್ಲಿದ್ದಾರೆ. ಹತ್ತು ಲಕ್ಷಕ್ಕೂ ಜಾಸ್ತಿ ವಸ್ತುಗಳ ವಿವರ ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ನೋಡಬಹುದು. ನಮಗೆ ಸಿಕ್ಕ ಅಧಿಕಾರಿ ಮೂವತ್ತರ ಆಸುಪಾಸಿನ ಹುಡುಗಿ. ಚೂರನ್ನು ಇನ್ನೂ ಡಬ್ಬಿಯಿಂದ ತೆಗೆದಿರಲಿಲ್ಲ, ಅವಳ ಮೊದಲ ಪ್ರಶ್ನೆ "ಎಲ್ಲಿ ಸಿಕ್ಕಿತು?" ಗ್ರಿಡ್ ನಂಬರು ಕೊಟ್ಟ ಮೇಲೇ ಭೂತಗನ್ನಡಿ ಹಿಡಿದದ್ದು.

"ಒ, ಎನ್ ಅಂದರೆ ‘ಇಲ್ಲಿ ಟಂಕಿಸಿದ್ದು’ ಅನ್ನುವುದಕ್ಕೆ ಬರುವ ಅಕ್ಷರ. ಎಲ್ ಊರಿನ ಹೆಸರಿನ ಮೊದಲಕ್ಷರ. ಲಂಡನ್ ಆಗಬಹುದು, ಲಿಂಕನ್ ಆಗಬಹುದು. ಅದನ್ನು ಹೇಳುವ ಅಕ್ಷರಗಳು ಪಕ್ಕದ ಕಾಲು ಭಾಗದಲ್ಲಿ ಹೋಗಿಬಿಟ್ಟಿವೆ."

ಪಕ್ಕದ ಕಾಲು ಭಾಗ ಯಾರ ಜೇಬಿಗೆ ಹೋಯಿತೋ.

ಒಂಟಿ ನಾಣ್ಯ ಬೆಳ್ಳಿಯದ್ದಾದರೂ ಕಾನೂನಿನ ಲೆಕ್ಕದಲ್ಲಿ ನಿಧಿ ಅಲ್ಲ. 1996ರ ಟ್ರೆಷರ್ ಕಾಯ್ದೆಯಂತೆ, 300 ವರ್ಷಕ್ಕಿಂತ ಹಳೆಯ ಚಿನ್ನ ಬೆಳ್ಳಿ ನಾಣ್ಯ ಎರಡು ಅಥವಾ ಜಾಸ್ತಿ ಒಟ್ಟಿಗೆ ಸಿಗಬೇಕು. ತಾಮ್ರ ಕಂಚಿನದ್ದಾದರೆ ಹತ್ತು. ಆಭರಣ, ಪಾತ್ರೆ ಥರದ್ದರಲ್ಲಿ ಶೇಕಡಾ 10ರಷ್ಟಾದರೂ ಚಿನ್ನ ಬೆಳ್ಳಿ ಇರಬೇಕು. ಅಂಥದ್ದು ಸಿಕ್ಕರೆ 14 ದಿನದೊಳಗೆ ತಿಳಿಸಬೇಕು. ಯಾವುದಾದರೂ ಮ್ಯೂಸಿಯಂ ಅದನ್ನು ಬಯಸಿದರೆ ಬೆಲೆ ಕಟ್ಟಿಸಿ ಹಣ ಕೊಡುತ್ತಾರೆ. ಸಾಮಾನ್ಯವಾಗಿ ಸಿಕ್ಕವನಿಗೆ ಅರ್ಧ, ಜಮೀನಿನವನಿಗೆ ಅರ್ಧ. 2023ರಲ್ಲಿ ಕಾಯ್ದೆ ಇನ್ನಷ್ಟು ಅಗಲವಾಯಿತು. 200 ವರ್ಷ ದಾಟಿದ, ತುಂಬ ಮಹತ್ವದ ಲೋಹದ ವಸ್ತುವಾದರೆ ಚಿನ್ನ ಬೆಳ್ಳಿ ಇಲ್ಲದಿದ್ದರೂ ನಿಧಿಯೇ.

ದುಡ್ಡು ಕೊಡುವುದರಿಂದ ಎಲ್ಲರೂ ಸಾಧುಗಳಾಗಿಬಿಟ್ಟರು ಅಂತ ನಾನು ಹೇಳುವುದಿಲ್ಲ. ಹಾಕ್ಸನ್‌ನ ಅಜ್ಜನನ್ನು ಕೇಳಿ. ಆದರೆ ಹೇಳಿದರೆ ನಷ್ಟವಿಲ್ಲ ಅನ್ನುವ ಧೈರ್ಯ ರೈತನಿಗೂ ಇದೆ, ಅಗೆಯುವವನಿಗೂ ಇದೆ. ನಮ್ಮಲ್ಲಿ ಅಡಿಪಾಯ ತೋಡುವಾಗ ಮಡಕೆ ಸಿಕ್ಕರೆ ಮೊದಲು ಬರುವ ಯೋಚನೆ, ಯಾರಿಗೂ ಗೊತ್ತಾಗದಿರಲಿ.

ಇದನ್ನು ಓದಿ ಯಾರಾದರೂ ಆನ್‌ಲೈನಿನಲ್ಲಿ ಮಷೀನು ತರಿಸಿ ಹಂಪಿಗೋ ಇಕ್ಕೇರಿಗೋ ಹೊರಟೀರಿ, ಬೇಡ. ನಮ್ಮಲ್ಲಿ ಇದು ಹವ್ಯಾಸವಲ್ಲ. ಬ್ರಿಟಿಷರ 1878ರ ಕಾಯ್ದೆಯೇ, ನೆಲದಡಿ ಸಿಕ್ಕ ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯ ವಸ್ತುವಿನ ವಿಷಯ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂದಿತ್ತು. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆ ಇದೆ. ನೂರು ವರ್ಷ ದಾಟಿದ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಬೇರೆ.

ಚೂರನ್ನು ಊರಿಗೆ ತರುವ ಆಸೆಯೂ ಅಲ್ಲೇ ಮುಗಿಯಿತು. ಬ್ರಿಟನ್ನಿನ ಮಣ್ಣಿನಿಂದ ತೆಗೆದ ಹಳೇ ವಸ್ತುವಿಗೆ ಬೆಲೆ ಎಷ್ಟೇ ಕಮ್ಮಿ ಇರಲಿ, ದೇಶದಿಂದ ಹೊರಗೆ ಒಯ್ಯಲು ಲೈಸೆನ್ಸ್ ಬೇಕು. ಅದು ಭಾವನ ಡಬ್ಬಿಯಲ್ಲೇ ಇರಲಿ ಅಂದೆ.

ಮಂಗಳವಾರ, ಲಂಡನ್

ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ. ಬ್ರಿಟಿಷ್ ಮ್ಯೂಸಿಯಂಗೆ ದುಡ್ಡಿಲ್ಲ. ಮೊದಲೇ ಆನ್‌ಲೈನಿನಲ್ಲಿ ಹೊತ್ತು ಕಾದಿರಿಸಿದರೆ ಗೇಟಿನ ಸಾಲು ಸ್ವಲ್ಪ ಕಮ್ಮಿ. ಎಲ್ಲರೂ ಮಮ್ಮಿಗಳ ಕಡೆ ನುಗ್ಗುತ್ತಾರೆ. ನಾವು ಮೇಲಿನ ಮಹಡಿಯಲ್ಲಿ ರೋಮನ್ ಬ್ರಿಟನ್ ಇರುವ 49ನೇ ಕೋಣೆಗೆ ಹೋದೆವು. ಅಲ್ಲಿ ಜನ ಕಮ್ಮಿ.

ಹಾಕ್ಸನ್ ನಿಧಿ ಗಾಜಿನ ಹಿಂದೆ ಇದೆ. ಅಕ್ಕ ನಿಂತದ್ದು ಚಿನ್ನದ ಮೈಸರದ ಮುಂದೆ. ಎರಡು ಹೆಗಲ ಮೇಲಿಂದ ಬಂದು, ಕಂಕುಳ ಕೆಳಗೆ ಹಾದು, ಎದೆ ಮೇಲೆ ಕೂಡುವ ಸರ. "ಎಷ್ಟು ಸಣ್ಣ ಹೆಂಗಸು ನೋಡು, ಹದಿನೈದು ವರ್ಷವೂ ಇರಲಿಕ್ಕಿಲ್ಲ" ಅಂದಳು. ಒಂದು ಬಳೆಯ ಮೇಲೆ ಲ್ಯಾಟಿನ್ನಿನಲ್ಲಿ ಹೆಸರು ಕೊರೆದಿದೆ, ಯೂಲಿಯಾನೆ ಅನ್ನುವ ಹೆಣ್ಣುಮಗಳು ಸಂತೋಷವಾಗಿ ತೊಡಲಿ ಅಂತ. ಬೆಳ್ಳಿ ನಾಣ್ಯಗಳಲ್ಲಿ ಬಹುತೇಕ ಎಲ್ಲದರ ಅಂಚೂ ಕತ್ತರಿಸಿದ್ದಾರೆ. ಕೊನೆಯ ನಾಣ್ಯಗಳು 407-408ರವು. ರೋಮನ್ ಸೈನ್ಯ ಬ್ರಿಟನ್ ಬಿಟ್ಟು ಹೋಗುತ್ತಿದ್ದ ಹೊತ್ತು. ಹೊಸ ನಾಣ್ಯ ಬರುವುದು ನಿಂತಿತ್ತು, ಇದ್ದದ್ದನ್ನೇ ಕೆರೆದು ಬದುಕಬೇಕಿತ್ತು.

ನಾನು ನೋಡಬೇಕಾದದ್ದು ಬೇರೆ ಇತ್ತು. ಬೆಳ್ಳಿಯಲ್ಲಿ ಮಾಡಿದ ಒಬ್ಬ ಹೆಂಗಸಿನ ಎದೆಮಟ್ಟದ ಗೊಂಬೆ, 10 ಸೆಂಟಿಮೀಟರ್ ಚಿಲ್ಲರೆ ಎತ್ತರ. ತಲೆಗೂದಲು ಎತ್ತಿ ಕಟ್ಟಿದೆ. ತುಟಿ, ಕಿವಿಯ ಓಲೆ, ಕೊರಳ ಸರಕ್ಕೆ ಚಿನ್ನದ ಲೇಪ. ಎಡಗೈಯಲ್ಲಿ ಬರಹದ ಸುರುಳಿ. ಒಳಗೆ ಟೊಳ್ಳು. ಬುಡದಲ್ಲಿ ತಿರುಗುವ ಬಿಲ್ಲೆ ಇದೆ. ಒಂದು ಕಡೆ ತಿರುಗಿಸಿದರೆ ಪೂರ್ತಿ ತೆರೆದು ತುಂಬಬಹುದು. ಇನ್ನೊಂದು ಕಡೆ ತಿರುಗಿಸಿದರೆ ಸಣ್ಣ ತೂತುಗಳಿಂದ ಉದುರುತ್ತದೆ. ಮತ್ತೂ ತಿರುಗಿಸಿದರೆ ಬಂದ್. ಇದು ಮೆಣಸಿನ ಡಬ್ಬಿ. ಅಂಥವು ನಾಲ್ಕು ಸಿಕ್ಕಿವೆ.

ಕಾಳುಮೆಣಸು ಆಗ ಬರುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯಿಂದ. ಕೆಂಪು ಸಮುದ್ರ ದಾಟಿ, ಈಜಿಪ್ಟಿನ ಮೇಲೆ ಹಾಯ್ದು, ರೋಮ್ ಮುಟ್ಟಿ, ಅಲ್ಲಿಂದ ಈ ಚಳಿಯ ಊರಿಗೆ. ಭಾರತಕ್ಕೆ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ (ರೋಮಿನ ನಾಣ್ಯ) ಹರಿದುಹೋಗುತ್ತಿದೆ ಅಂತ ರೋಮಿನ ಬರಹಗಾರ ಪ್ಲಿನಿ ಮೊದಲನೇ ಶತಮಾನದಲ್ಲೇ ಗೊಣಗಿದ್ದ. ಹಾಗೆ ಹರಿದು ಬಂದ ಬೆಳ್ಳಿಯಲ್ಲಿ ಒಂದಿಷ್ಟು ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯ ಮಣ್ಣಿನಲ್ಲೂ ಸಿಕ್ಕಿದೆ, ತಿಬೇರಿಯಸ್ ಚಕ್ರವರ್ತಿಯ ನಾಣ್ಯಗಳು. ಅಪ್ಪನ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಪಣಿಯೂರು ಮೆಣಸಿನ ಬಳ್ಳಿಗಳಿವೆ. ಸೊರಗು ರೋಗ ಬಂದು ಈ ವರ್ಷ ಅರ್ಧ ಹೋಯಿತು. ಗೊಂಬೆಯ ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. "ಎಷ್ಟು ಕಾಳು ಹಿಡಿಸಬಹುದು?" ಅಂತ ಉತ್ತರ ಬಂತು.

ಸಂಜೆ ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್ನಿನಲ್ಲಿ ರೈಲು ತಡ. ಸಿಗ್ನಲ್ ಕೆಟ್ಟಿತ್ತಂತೆ. ನೆಲದ ಮೇಲೆ ಕೂತು ಉಳಿದ ಪ್ಲಮ್ ಖಾಲಿ ಮಾಡಿದೆವು.

ಊರಿಗೆ ಬಂದ ಮೇಲೆ

ಮೊನ್ನೆ ಭಾವನ ಮೆಸೇಜು. ಚೂರಿನ ದಾಖಲೆ ಆಗಿದೆ, ಅಕ್ಷರದ ಶೈಲಿ ನೋಡಿ ಲಂಡನ್ನಿನದೇ ಇರಬೇಕು ಅಂದಿದ್ದಾರೆ. ಅದೇ ಮೂಲೆಯಲ್ಲಿ ಭಾವನಿಗೆ ಹಿಂದೆ ಎರಡು ಕತ್ತರಿಸಿದ ಅರ್ಧ ಪೆನ್ನಿ, ಒಂದು ಸೀಸದ ತೂಕದ ಬಟ್ಟು ಸಿಕ್ಕಿದ್ದವಂತೆ. ಎಲ್ಲ ಒಂದೇ ಕಡೆ ಬಂದದ್ದರಿಂದ ಅಲ್ಲಿ ಸಂತೆಯೋ ಜಾತ್ರೆಯೋ ಸೇರುತ್ತಿತ್ತೇನೋ, ಆ ಪಟ್ಟಿಯನ್ನು ಗೆರೆ ಹಿಡಿದು ಪೂರ್ತಿ ನಡೆದು ನೋಡಿ ಅಂತ ಆ ಹುಡುಗಿ ಕೇಳಿದ್ದಾಳೆ. ಭಾವ ಆ ಶನಿವಾರವೇ ಹೊರಟಿದ್ದಾರೆ. ಹೋಗಿ ನೋಡಿದರೆ ರೈತರು ಗೋಧಿ ಬಿತ್ತಿ ಮುಗಿಸಿದ್ದರು. ಇನ್ನು ಮುಂದಿನ ಆಗಸ್ಟ್‌ನ ಕೊಯ್ಲಿನವರೆಗೆ ಆ ಗೇಟು ತೆರೆಯುವುದಿಲ್ಲ.